ಕೃಷ್ಣದೇವರಾಯ ನಿಮ್ಮೂರಿಗೂ ಬಂದಿದ್ದನಾ?

ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ನಮ್ಮ ಕಡೆಯ ಯಾವ ಊರಲ್ಲಾದರೂ ಬಸ್ಸಿಳಿದು, ಕಟ್ಟೆ ಮೇಲೆ ಕೂತವರನ್ನು "ನಿಮ್ಮೂರಿನ ಇತಿಹಾಸ ಏನ್ರೀ?" ಅಂತ ಕೇಳಿ ನೋಡಿ. ಕೃಷ್ಣದೇವರಾಯ ಇಲ್ಲಿಗೆ ಬಂದಿದ್ದ ಅನ್ನುವ ಉತ್ತರ ಬಹುತೇಕ ಗ್ಯಾರಂಟಿ. ಒಂದೂರಲ್ಲಿ ಅವನ ಕುದುರೆ ನೀರು ಕುಡಿದಿರುತ್ತದೆ, ಪಕ್ಕದೂರಲ್ಲಿ ಆನೆ ಕಟ್ಟಿರುತ್ತಾರೆ, ಅದರಾಚೆ ಊರಲ್ಲಿ ರಾಣಿ ಬಂದು ಗುಡಿ ಕಟ್ಟಿಸಿರುತ್ತಾಳೆ. ಆತ ಆಳಿದ್ದು 1509ರಿಂದ 1529ರವರೆಗೆ, ಬರೀ ಇಪ್ಪತ್ತು ವರ್ಷ. ಅದರೊಳಗೇ ಗಜಪತಿಯ ಮೇಲೆ ದಂಡೆತ್ತಿ ಹೋಗಿದ್ದು, 1520ರಲ್ಲಿ ರಾಯಚೂರು ಗೆದ್ದಿದ್ದು, ತೆಲುಗಿನಲ್ಲಿ 'ಆಮುಕ್ತಮಾಲ್ಯದ' ಬರೆದಿದ್ದು ಎಲ್ಲ ಬರಬೇಕು. ಉಳಿದ ಹೊತ್ತಲ್ಲಿ ನಮ್ಮ ಐದು ತಾಲೂಕಿನ ಹಳ್ಳಕೊಳ್ಳಗಳಿಗೆಲ್ಲ ಕುದುರೆ ಹೊಡೆದುಕೊಂಡು ಬಂದು ನೀರು ಕುಡಿಸಿದ ಅಂದರೆ, ಪಾಪ, ಆ ಕುದುರೆಯ ಗತಿ ಏನಾಗಿರಬೇಡ :)

ತಮಾಷೆ ಇರಲಿ. ನನಗೆ ಸಿಟ್ಟಿರುವುದು ಕಟ್ಟೆ ಮೇಲಿನ ಅಜ್ಜಂದಿರ ಮೇಲಲ್ಲ. ಅವರು ಕೇಳಿದ್ದನ್ನು ಹೇಳುತ್ತಾರೆ. ಸಿಟ್ಟಿರುವುದು ಓದಿದವರ ಮೇಲೆ, ಅಂದರೆ ನಮ್ಮ ಮೇಲೆ. ಜಾತ್ರೆಯ ಸ್ಮರಣ ಸಂಚಿಕೆಗೆ "ನಮ್ಮೂರಿನ ಭವ್ಯ ಇತಿಹಾಸ" ಅಂತ ಎರಡು ಪುಟ ಬರೆಯುವವರು ನಾವು. ಅದೇ ಎರಡು ಪುಟವನ್ನು ಯಾರೋ ಯೂಟ್ಯೂಬಿನಲ್ಲಿ ಹಿನ್ನೆಲೆ ಸಂಗೀತ ಹಾಕಿ ಓದುತ್ತಾರೆ, ಅದನ್ನು ಇನ್ನೊಬ್ಬರು ವಾಟ್ಸಾಪಿಗೆ ಹಾಕುತ್ತಾರೆ, ಮೂರನೇ ವರ್ಷಕ್ಕೆ ಅದು "ಇತಿಹಾಸಕಾರರ ಪ್ರಕಾರ" ಆಗಿಬಿಡುತ್ತದೆ. ಯಾವ ಇತಿಹಾಸಕಾರ? ಯಾವ ಪುಸ್ತಕ? ಕೇಳಿದರೆ "ನೀನು ಊರಿನ ಮರ್ಯಾದೆ ತೆಗೀತೀಯ" ಅನ್ನುತ್ತಾರೆ.

2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ನಮ್ಮದು ವಿಜಯನಗರ ಜಿಲ್ಲೆ ಆಯಿತು. ಹೊಸಪೇಟೆ ಒಂದು ಬಿಟ್ಟರೆ ಉಳಿದವು ನಮ್ಮ ಐದೇ ತಾಲೂಕು: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಜಿಲ್ಲೆ ಆಗಿದ್ದಕ್ಕೆ ನನ್ನ ತಕರಾರಿಲ್ಲ, ಹೆಸರೂ ಚೆನ್ನಾಗಿದೆ. ಆದರೆ ಆ ಹೆಸರು ಬಂದ ಮೇಲೆ ನಮ್ಮ ಊರುಗಳೆಲ್ಲ ಹಂಪಿಯ ಹಿತ್ತಲಾಗಿಬಿಟ್ಟಿವೆ. ವಿಜಯನಗರ ಶುರುವಾಗಿದ್ದು 1336ರಲ್ಲಿ ಅಂತ ಶಾಲೆಯಲ್ಲಿ ಉರು ಹೊಡೆದಿದ್ದೇವಲ್ಲ, ಈಗ ಲೆಕ್ಕ ಹಾಕಿ. ಹರಪನಹಳ್ಳಿ ತಾಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿ 10ನೇ ಶತಮಾನದ್ದು. ಆಗ ಆ ಊರಿಗೆ ಬಾಳ್ಗುಳಿ ಅಂತ ಹೆಸರು, ಅಲ್ಲಿ ಹತ್ತಾರು ಶಾಸನಗಳಿವೆ. ಹಡಗಲಿ ತಾಲೂಕಿನ ಕುರುವತ್ತಿಯಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಒಂದನೇ ಸೋಮೇಶ್ವರ 1068ರಲ್ಲಿ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟ. ಕೋಗಳಿಯ ಬಸದಿಯನ್ನು ಗಂಗರ ದುರ್ವಿನೀತ ಕಟ್ಟಿಸಿದ್ದ ಅಂತ 11ನೇ ಶತಮಾನದ ಶಾಸನವೇ ನೆನಪಿಸಿಕೊಳ್ಳುತ್ತದೆ. ಅಂದರೆ ಆ ಶಾಸನ ಬರೆದವರಿಗೇ ಅದು ಐನೂರು ವರ್ಷ ಹಳೆಯ ಸುದ್ದಿ! ಇನ್ನು ಹಿರೇಹಡಗಲಿಯಲ್ಲಿ ಸಿಕ್ಕ ತಾಮ್ರಪಟವಂತೂ ಕಂಚಿಯ ಪಲ್ಲವ ಶಿವಸ್ಕಂದವರ್ಮನದು, ಭಾಷೆ ಪ್ರಾಕೃತ, ಹೆಚ್ಚುಕಡಿಮೆ 4ನೇ ಶತಮಾನದ್ದು. ಕನ್ನಡದಲ್ಲಿ ಇನ್ನೂ ದೊಡ್ಡ ಶಾಸನ ಬರೆಯುವ ರೂಢಿ ಬೇರೂರುವ ಮೊದಲಿನ ಮಾತು ಇದು. ಇಷ್ಟೆಲ್ಲ ಮನೆಯಲ್ಲಿಟ್ಟುಕೊಂಡು ನಾವು ಪಕ್ಕದ ಮನೆಯ ಕುದುರೆಯ ಲಾಳ ಹುಡುಕುತ್ತಿದ್ದೇವೆ.

ಒಂದು ಉದಾಹರಣೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನನ್ನ ಜಗಳವೆಲ್ಲ ಇದರಲ್ಲೇ ಇದೆ. ಹಡಗಲಿಗೆ 'ಹೂವಿನ' ಅಂತ ಯಾಕೆ ಬಂತು? ಎಲ್ಲರೂ ಹೇಳುವುದು ಒಂದೇ: ಇಲ್ಲಿಂದ ಹಂಪಿ ವಿರೂಪಾಕ್ಷನ ಪೂಜೆಗೆ ಹೂವು ಹೋಗುತ್ತಿತ್ತು, ಹಡಗಿನಲ್ಲಿ, ಅಂದರೆ ತೆಪ್ಪದಲ್ಲಿ. ಚೆಂದದ ಕಥೆ. ಆದರೆ ವಿಜಯನಗರ ಹುಟ್ಟುವುದಕ್ಕೆ ಎರಡು ಶತಮಾನಕ್ಕೂ ಹಿಂದೆ, ಚಾಲುಕ್ಯರ ಕಾಲದ ಶಾಸನದಲ್ಲೇ ಆ ಊರಿನ ಹೆಸರು 'ಪೂವಿನ ಪಡಂಗಿಲೆ'. ಪೂವು ಹೂವಾಯಿತು, ಪಡಂಗಿಲೆ ಹಡಗಲಿಯಾಯಿತು. ಪಕಾರ ಹಕಾರವಾಗುವುದು ಹಳಗನ್ನಡ ಓದಿದ ಎಲ್ಲರಿಗೂ ಗೊತ್ತಿರುವ ವಿಷಯ. ಹಡಗಿಗೂ ಅದಕ್ಕೂ ಸಂಬಂಧ ಹುಡುಕುವ ಅಗತ್ಯವೇ ಇಲ್ಲ.

ಇಲ್ಲಿಗೆ ನಿಲ್ಲಿಸಿ "ನೋಡಿದ್ರಾ, ಜನರ ಕಥೆ ಸುಳ್ಳು, ಶಾಸನ ನಿಜ" ಅಂತ ಮೀಸೆ ತಿರುವುವವರು ಇನ್ನೊಂದು ಪಕ್ಷ. ಅವರ ಮೇಲೂ ನನಗೆ ಅಷ್ಟೇ ಸಿಟ್ಟಿದೆ. ಶಾಸನ ಹೆಸರು ಹೇಳಿತು, ಸರಿ. ಆದರೆ ಹಡಗಲಿಯ ಜನ ತಮ್ಮ ಊರನ್ನು ಹಂಪಿಯ ಪೂಜೆಗೆ ಯಾಕೆ ಕಟ್ಟಿಕೊಂಡರು? ಯಾವಾಗಿನಿಂದ? ನದಿಯ ಮೇಲೆ ಅವರ ಓಡಾಟ ಎಷ್ಟಿತ್ತು, ಹೂವು ಬೆಳೆಯುತ್ತಿದ್ದವರು ಯಾರು? ಇದನ್ನು ಶಾಸನ ಹೇಳುವುದಿಲ್ಲ. ಕಥೆ ತಪ್ಪಾದರೂ, ಆ ಕಥೆ ಹುಟ್ಟಿದ್ದು ಒಂದು ಘಟನೆಯೇ. ಅದನ್ನೂ ಬರೆದಿಡಬೇಕು, ಆದರೆ ಕಥೆ ಅಂತ ಬರೆದಿಡಬೇಕು. ಯಾರು ಹೇಳಿದರು, ಅವರ ವಯಸ್ಸೆಷ್ಟು, ಅವರಿಗೆ ಯಾರು ಹೇಳಿದ್ದರು, ಯಾವ ಕೇರಿಯವರು. ನಾಲ್ಕು ಸಾಲು ಜಾಸ್ತಿ ಆಗುತ್ತದೆ, ಅಷ್ಟೇ.

"ಇದೆಲ್ಲ ಯೂನಿವರ್ಸಿಟಿಯವರ ಕೆಲಸ, ಅವರು ಮಾಡಿರ್ತಾರೆ" ಅಂತ ನನ್ನ ಗೆಳೆಯನೊಬ್ಬ ಹೇಳುತ್ತಾನೆ. ಮಾಡಿದ್ದಾರೆ, ಇಲ್ಲ ಅನ್ನಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಬಳ್ಳಾರಿ ಜಿಲ್ಲೆಯ ಶಾಸನಗಳ ಸಂಪುಟ ತಂದಿದೆ. 1994ರಲ್ಲಿ ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ 'ಕರ್ನಾಟಕದ ಕೈಫಿಯತ್ತುಗಳು' ಅಲ್ಲಿಂದಲೇ ಬಂತು. ಜಾನಪದ ವಿಶ್ವವಿದ್ಯಾಲಯ ಗ್ರಾಮ ಚರಿತ್ರೆ ಕೋಶ ಅಂತ ಜಿಲ್ಲಾವಾರು ದಪ್ಪ ಸಂಪುಟಗಳನ್ನು ಮಾಡಿತು. ಎಲ್ಲವೂ ದೊಡ್ಡ ಕೆಲಸವೇ. ಆದರೆ ಇಡೀ ಜಿಲ್ಲೆಯ ಊರುಗಳನ್ನು ಒಂದು ಸಂಪುಟಕ್ಕೆ ಹಿಡಿಸಿದಾಗ ಒಂದು ಊರಿಗೆ ಎಷ್ಟು ಜಾಗ ಸಿಕ್ಕೀತು ನೀವೇ ಹೇಳಿ. ಮಿಕ್ಕಿದ್ದನ್ನು ತುಂಬುವವರು ಊರಿನವರೇ ಆಗಬೇಕು.

ಅದರಲ್ಲೂ ನಮ್ಮ ಭಾಗಕ್ಕೆ ಒಂದು ವಿಶೇಷ ದುರದೃಷ್ಟವಿದೆ. ಬಿ.ಎಲ್. ರೈಸ್ ಸಾಹೇಬರು ಮೈಸೂರು ಸಂಸ್ಥಾನದ ಊರೂರು ಸುತ್ತಿ (ಸುತ್ತಿಸಿ ಅನ್ನಿ) ಸುಮಾರು ಒಂಬತ್ತು ಸಾವಿರ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ'ದಲ್ಲಿ ಹಾಕಿದರು. ತಾಲೂಕು, ನಂಬರು, ಊರಿನ ಹೆಸರು, ಎಲ್ಲ ಅಚ್ಚುಕಟ್ಟು. ಗಡಿಯಾಚೆಯ ಮೊಳಕಾಲ್ಮೂರಿನವನೋ ಜಗಳೂರಿನವನೋ ತನ್ನ ಊರಿನ ಹೆಸರು ಹಿಡಿದು ಹುಡುಕಿದರೆ ಐದು ನಿಮಿಷಕ್ಕೆ ಸಿಗುತ್ತದೆ. ನಾವು ಆಗ ಮದ್ರಾಸು. ನಮ್ಮ ಶಾಸನಗಳು ಬಂದಿದ್ದು 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಒಂಬತ್ತನೇ ಸಂಪುಟದಲ್ಲಿ, ಅದೂ 1939ರಲ್ಲೊಂದು, 1941ರಲ್ಲೊಂದು ಭಾಗವಾಗಿ. ಜೋಡಿಸಿದ್ದು ರಾಜವಂಶದ ಪ್ರಕಾರ. ಅಂದರೆ ನಿಮ್ಮ ಊರಿನ ಮೂರು ಶಾಸನ ಮೂರು ಕಡೆ ಚದುರಿರುತ್ತವೆ. ಸಾಫ್ಟ್‌ವೇರ್‌ನವರಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ಮೈಸೂರಿನವರ ಟೇಬಲ್ಲಿಗೆ ಊರೇ ಪ್ರೈಮರಿ ಕೀ, ನಮ್ಮ ಟೇಬಲ್ಲಿಗೆ ರಾಜ. ರಾಜ ಯಾರು ಅಂತ ಗೊತ್ತಿಲ್ಲದವನು ಊರನ್ನು ಹುಡುಕುವುದೇ ಕಷ್ಟ. ಹಾಗಾಗಿಯೇ ಎಲ್ಲರೂ ಸುಲಭಕ್ಕೆ ಸಿಗುವ ಕೃಷ್ಣದೇವರಾಯನನ್ನು ಹಿಡಿದುಕೊಳ್ಳುತ್ತಾರೋ ಏನೋ!

ಕಚೇರಿಗಳ ಕಥೆ ಇನ್ನೂ ಮಜವಾಗಿದೆ. ಹರಪನಹಳ್ಳಿಯಲ್ಲಿ 1950ರಲ್ಲಿ ಹುಟ್ಟಿದ ಒಬ್ಬ ಅಜ್ಜಿಯನ್ನು ಊಹಿಸಿಕೊಳ್ಳಿ. ಆಕೆ ಹುಟ್ಟಿದ್ದು ಮದ್ರಾಸ್ ರಾಜ್ಯದಲ್ಲಿ. 1953ರ ಅಕ್ಟೋಬರ್ 1ಕ್ಕೆ ಮೈಸೂರಿನವಳಾದಳು. 1973ರಲ್ಲಿ ಕರ್ನಾಟಕದವಳು. 1997ರಲ್ಲಿ ದಾವಣಗೆರೆ ಜಿಲ್ಲೆ. ಆಮೇಲೆ 371ಜೆ ಸೌಲಭ್ಯದ ಸಲುವಾಗಿ ವಾಪಸ್ ಬಳ್ಳಾರಿ. 2021ರಲ್ಲಿ ವಿಜಯನಗರ. ಆಕೆ ತನ್ನ ಮನೆಯ ಹೊಸ್ತಿಲು ದಾಟಿಲ್ಲ, ವಿಳಾಸ ಮಾತ್ರ ಐದು ಸಲ ಬದಲಾಗಿದೆ. ಪ್ರತಿ ಸಲ ಬದಲಾದಾಗಲೂ ಕಾಗದಪತ್ರಗಳ ಗಂಟು ಒಂದು ಕಚೇರಿಯಿಂದ ಇನ್ನೊಂದಕ್ಕೆ ಲಾರಿಯಲ್ಲಿ ಹೋಗಬೇಕು. ಹೋದವು ಎಷ್ಟು, ದಾರಿಯಲ್ಲಿ ಉಳಿದವು ಎಷ್ಟು? ನಾನೊಮ್ಮೆ ಒಂದು ಕಚೇರಿಗೆ ನಮ್ಮೂರಿನ ಹಳೇ ಇನಾಂ ರಿಜಿಸ್ಟರು ಕೇಳಿಕೊಂಡು ಹೋಗಿದ್ದೆ. ಅಲ್ಲಿದ್ದವರು ಮರ್ಯಾದೆಯಿಂದಲೇ ಇನ್ನೊಂದು ಊರಿನ ಕಚೇರಿಗೆ ಕಳಿಸಿದರು. ಆ ಕಚೇರಿಯವರು ಮೊದಲನೆಯದಕ್ಕೆ. ಎರಡು ದಿನ ರಜೆ ಖರ್ಚಾಯಿತು.

ಇನಾಂ ರಿಜಿಸ್ಟರು ಯಾಕೆ ಬೇಕು ಅಂತೀರಾ? ಬ್ರಿಟಿಷ್ ಸರ್ಕಾರ 1858ರಿಂದ ಮದ್ರಾಸ್ ಪ್ರಾಂತ್ಯದಲ್ಲಿ ಇನಾಂ ಕಮಿಷನ್ ಕೂರಿಸಿತು. ಯಾರ ಹತ್ತಿರ ಯಾವ ಮಾನ್ಯದ ಹೊಲ ಇದೆ, ಯಾವ ಸೇವೆಗಾಗಿ ಇದೆ ಅಂತ ಊರೂರಿಗೆ ಬರೆದರು. ಪೂಜಾರಿ, ತಳವಾರ, ನೀರಗಂಟಿ, ಬಡಿಗ, ಕಮ್ಮಾರ.. ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಎಂದೂ ಬರದವರ ಹೆಸರುಗಳು ಅದರಲ್ಲಿ ಬರುತ್ತವೆ. ಕಟ್ಟೆ ಮೇಲಿನ ಅಜ್ಜ "ಇದು ತಳವಾರರ ಮಾನ್ಯದ ಹೊಲ" ಅಂದದ್ದನ್ನು ಅದರ ಪಕ್ಕ ಇಟ್ಟು ನೋಡಬಹುದು. ನನಗೆ ಬೇಕಾದ ಸಂಶೋಧನೆ ಇಷ್ಟೇ. ಒಂದು ಮಾತು, ಒಂದು ಕಾಗದ, ಒಂದು ಕಲ್ಲು. ಮೂರನ್ನೂ ಪಕ್ಕಪಕ್ಕ ಇಡಿ.

ಇದನ್ನು ಮೊದಲು ಮಾಡಿದವನು ಕರ್ನಲ್ ಮೆಕೆಂಜಿ. 1800ರಲ್ಲಿ ನಿಜಾಮ ನಮ್ಮ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಮನ್ರೋ ಕಲೆಕ್ಟರಾಗಿ ಬಂದ, ಮೆಕೆಂಜಿ ಸರ್ವೆಗೆ ಬಂದ. ಕಾವಲಿ ಬೊರ್ರಯ್ಯ, ಲಕ್ಷ್ಮಯ್ಯ ಮೊದಲಾದ ಸಹಾಯಕರನ್ನು ಇಟ್ಟುಕೊಂಡು ದಕ್ಷಿಣದ ಊರೂರಿಂದ ಕೈಫಿಯತ್ತು ಬರೆಸಿದ. ಅವನನ್ನು ಹೊಗಳಲೇಬೇಕು. ಆದರೆ ಅವನ ಜನ ಹೆಚ್ಚಾಗಿ ಕೇಳಿದ್ದು ಕರಣಂ, ಶಾನುಭೋಗ, ಪೂಜಾರಿ, ಪಾಳೆಯಗಾರರ ಮನೆಯವರನ್ನು. ಓದು ಬರಹ ಇದ್ದವರನ್ನು. ಇನ್ನೂರು ವರ್ಷವಾದ ಮೇಲೆ ಕೈಯಲ್ಲಿ ಮೊಬೈಲ್ ರೆಕಾರ್ಡರ್ ಇಟ್ಟುಕೊಂಡು ನಾವೂ ಅವರನ್ನೇ ಹುಡುಕಿಕೊಂಡು ಹೋಗುತ್ತೇವಲ್ಲ, ನಾಚಿಕೆ ಆಗಬೇಕು. "ಊರಿನ ಹಿರಿಯರನ್ನು ಮಾತಾಡಿಸಿದೆ" ಅಂತ ಬರೆಯುವವರ ಫೋಟೋ ನೋಡಿ. ಎಲ್ಲ ಗಂಡಸರು, ಎಲ್ಲ ಊರೊಳಗಿನವರು, ಎಲ್ಲರ ಹೆಗಲ ಮೇಲೂ ಶಲ್ಯ.

ಊರಿನ ಗಡಿ ಎಲ್ಲಿಂದ ಎಲ್ಲಿವರೆಗೆ ಅಂತ ಅವರನ್ನು ಕೇಳಿ, ಅರ್ಧಕ್ಕರ್ಧ ಗೊತ್ತಿರುವುದಿಲ್ಲ. ನಮ್ಮ ಕಡೆ ಊರಮ್ಮನ ಜಾತ್ರೆಯಲ್ಲಿ ರಾತ್ರಿ ಗಡಿ ಸುತ್ತ ಚರಗ ಚೆಲ್ಲುತ್ತಾರಲ್ಲ, ಆ ಹೊತ್ತಿನಲ್ಲಿ ಮುಂದೆ ನಡೆಯುವವರಿಗೆ ಗೊತ್ತು. ಯಾವ ಕಲ್ಲು, ಯಾವ ಬೇವಿನ ಮರ, ಹಳ್ಳದ ಯಾವ ತಿರುವು, ಕತ್ತಲಲ್ಲೂ ತಪ್ಪುವುದಿಲ್ಲ. ಹೆಚ್ಚಿನ ಊರುಗಳಲ್ಲಿ ಆ ಕೆಲಸ ಮಾಡಿಕೊಂಡು ಬಂದವರು ದಲಿತ ಕೇರಿಯವರು. ಸರ್ವೆ ನಕ್ಷೆ ಬರುವ ಮೊದಲಿನ ನಕ್ಷೆ ಅವರ ಕಾಲಲ್ಲಿದೆ. ಅವರ ಮಕ್ಕಳು ಈ ಕೆಲಸ ಬಿಡುತ್ತಿದ್ದಾರೆ, ಬಿಡಲೇಬೇಕು, ಯಾಕೆ ಮಾಡಬೇಕು? ಆದರೆ ಬಿಡುವ ಮೊದಲು ಆ ಗಡಿಯನ್ನು ಅವರ ಬಾಯಲ್ಲೇ ಕೇಳಿ, ಅವರ ಹೆಸರಿನಲ್ಲೇ ಬರೆದುಕೊಂಡವರು ಎಷ್ಟು ಜನ? ಹೀಗೇ ಒಬ್ಬ ಅಜ್ಜನನ್ನು ಕೇಳಿದಾಗ ಆತ ನನ್ನನ್ನೇ ಮೇಲಿಂದ ಕೆಳಗೆ ನೋಡಿ, "ಎಪ್ಪತ್ತು ವರ್ಸ ಆತು ತಮ್ಮಾ, ಇದನ್ನ ಕೇಳಾಕ ಬಂದಾಂವ ನೀನ ಮೊದಲು" ಅಂದ. ಹೊಗಳಿದನೋ ಬೈದನೋ ಇವತ್ತಿಗೂ ಗೊತ್ತಾಗಿಲ್ಲ.

ಹೆಂಗಸರನ್ನು ಕೇಳಿದರೆ ಬೇರೆಯದೇ ಊರು ಕಾಣಿಸುತ್ತದೆ. ಯಾವ ಬರದಲ್ಲಿ ಯಾವ ಮನೆಯವರು ಗುಳೆ ಹೋದರು, ಯಾವ ಬಾವಿ ಯಾರಿಗೆ ಮುಚ್ಚಿತ್ತು, ಯಾರ ತವರು ಡ್ಯಾಮಿನಲ್ಲಿ ಮುಳುಗಿತು. ಡ್ಯಾಮಿನ ವಿಷಯ ಬಂತಲ್ಲ, ಅದನ್ನು ಹೇಳಿಬಿಡುತ್ತೇನೆ. ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಿದ್ದು 1945ರಲ್ಲಿ, ನೀರು ನಿಂತಿದ್ದು 1953ರಲ್ಲಿ. ಸುಮಾರು 90 ಹಳ್ಳಿ ಮುಳುಗಿದವು. ನಾರಾಯಣದೇವರಕೆರೆಯಂಥ ದೊಡ್ಡ ಊರೇ ಹೋಯಿತು, ಅಲ್ಲಿನವರು ಮರಿಯಮ್ಮನಹಳ್ಳಿಗೆ ಬಂದರು. ಮುಳುಗುವ ಮೊದಲಿನ ಊರನ್ನು ಬುದ್ಧಿ ತಿಳಿದು ನೋಡಿದವರಿಗೆ ಈಗ ಎಂಬತ್ತು ದಾಟಿದೆ. ಇವರ ಮನಸ್ಸಿನಲ್ಲಿರುವ ಬೀದಿ, ಅಗಸೆ, ಕೇರಿ, ತೇರು ನಿಲ್ಲುತ್ತಿದ್ದ ಜಾಗ ಯಾವ ಶಾಸನ ಸಂಪುಟದಲ್ಲೂ ಇಲ್ಲ. ಬಾಗಳಿಯ ಶಾಸನ ಸಾವಿರ ವರ್ಷ ಇದ್ದಿದೆ, ಇನ್ನೂ ನೂರು ವರ್ಷ ಇದ್ದೀತು. ಈ ಅಜ್ಜಿಯರು ಇರುವುದಿಲ್ಲ. ಹಾಗಾದರೆ ಮೊದಲು ಯಾವುದನ್ನು ಮಾಡಬೇಕು ಅನ್ನುವುದಕ್ಕೆ ಪಿಎಚ್‌ಡಿ ಬೇಕಾ?

ಇದೇ ಮಾತು ಹೆಳವರಿಗೂ ಅನ್ವಯಿಸುತ್ತದೆ. ಎತ್ತಿನ ಮೇಲೆ ಬಂದು ಮನೆಮುಂದೆ ನಿಂತು ಏಳೆಂಟು ತಲೆಮಾರಿನ ಹೆಸರು ಹೇಳಿ, ಮೂಲ ಊರು ಯಾವುದು, ಯಾಕೆ ಬಿಟ್ಟು ಬಂದಿರಿ ಅಂತ ಹೇಳುವ ಹೆಳವನನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಅವನ ಪುಸ್ತಕದಲ್ಲಿ ಜನರ ವಲಸೆಯ ಇತಿಹಾಸವೇ ಇದೆ. ನಾವು ಅವನಿಗೆ ಒಂದು ಸೇರು ಜೋಳ ಕೊಟ್ಟು ಕಳಿಸುತ್ತೇವೆ, ಆಮೇಲೆ ಆನ್‌ಲೈನಿನಲ್ಲಿ ಫ್ಯಾಮಿಲಿ ಟ್ರೀ ಮಾಡುವುದು ಹೇಗೆ ಅಂತ ಹುಡುಕುತ್ತೇವೆ.. ದರೋಜಿ ಈರಮ್ಮ 2014ರಲ್ಲಿ ತೀರಿಹೋದರು. ಅಕ್ಷರ ಕಲಿಯದ ಆಕೆಯ ಬುರ್ರಕಥೆಗಳು ಪುಸ್ತಕದಲ್ಲಿ ಉಳಿದಿದ್ದರೆ, ಯಾರೋ ಆಕೆಯ ಮುಂದೆ ಕೂತು ಬರೆದುಕೊಂಡಿದ್ದರಿಂದ. ಪ್ರತಿ ಊರಿಗೂ ಒಬ್ಬ ಈರಮ್ಮ ಇಲ್ಲದಿರಬಹುದು, ಆದರೆ ಊರಿನ ಹಾಳುಬಿದ್ದ ಪಾಲಿನ ಕಥೆ ಗೊತ್ತಿರುವವರು ಒಬ್ಬರಾದರೂ ಇರುತ್ತಾರೆ.

ಹಾಳುಬಿದ್ದ ಪಾಲು ಅಂದೆ. ಹೊಲದ ನಡುವೆ ಒಂಟಿಯಾಗಿ ಒಂದು ಹನುಮಪ್ಪನ ಗುಡಿ ಇದ್ದರೆ ಅಲ್ಲೊಂದು ಊರಿತ್ತು ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಕಂದಾಯದ ದಾಖಲೆಯಲ್ಲಿ ಅವು ಬೇಚರಾಕ್ ಗ್ರಾಮ. ಯಾಕೆ ಹಾಳಾಯಿತು ಅಂತ ಕೇಳಿದರೆ "ಪ್ಲೇಗಮ್ಮ ಬಂದಿದ್ದಳು", "ಪಾಳೆಯಗಾರ ಸುಟ್ಟ", "ಬರ". 1876-78ರ ಬರದ ಲೆಕ್ಕ ನೋಡಿ. ಬಳ್ಳಾರಿ ಜಿಲ್ಲೆಯಲ್ಲಿ 1871ರ ಜನಗಣತಿಯಲ್ಲಿ ಸುಮಾರು 9 ಲಕ್ಷ 11 ಸಾವಿರ ಜನ, 1881ರಲ್ಲಿ 7 ಲಕ್ಷ 26 ಸಾವಿರ. ಐದರಲ್ಲಿ ಒಂದು ಪಾಲು ಜನ ಇಲ್ಲ! ಇಷ್ಟು ದೊಡ್ಡ ಸಾವು ನಮ್ಮ ಜಾತ್ರೆಯ ಸ್ಮರಣ ಸಂಚಿಕೆಗಳಲ್ಲಿ ಒಂದು ಸಾಲೂ ಬರುವುದಿಲ್ಲ. ಭವ್ಯ ಇತಿಹಾಸ ಅಂದ ಮೇಲೆ ಹಸಿವಿಗೆ ಜಾಗ ಎಲ್ಲಿ?

ಇನ್ನು ನಮ್ಮ ಬರಹಗಾರರ ಬಗ್ಗೆ. ಬೇಜಾರು ಮಾಡಿಕೊಳ್ಳಬೇಡಿ, ನಾನೂ ಇದೇ ಗುಂಪಿನವನು. ಬೆಂಗಳೂರಿನಲ್ಲಿ ಕೂತು 'ನನ್ನ ಹಳ್ಳಿ' ಅಂತ ನಾವು ಬರೆಯುವ ಬರಹಗಳನ್ನು ಒಮ್ಮೆ ಒಟ್ಟಿಗೆ ಇಟ್ಟು ಓದಿ. ಅಜ್ಜಿಯ ಕೈತುತ್ತು, ಬುತ್ತಿ, ರೊಟ್ಟಿ, ಹುಣಸೆಮರ, ಮೊದಲ ಮಳೆಯ ಮಣ್ಣಿನ ವಾಸನೆ. ಊರಿನ ಹೆಸರು ಅಳಿಸಿ ಇನ್ನೊಂದು ಊರಿನ ಹೆಸರು ಹಾಕಿದರೂ ಯಾರಿಗೂ ಗೊತ್ತಾಗುವುದಿಲ್ಲ. ಆ ಹುಣಸೆಮರ ಯಾರ ಹೊಲದ್ದು? ಅಜ್ಜಿಗೆ ಹೆಸರಿಲ್ಲವಾ? ಆಕೆ ಯಾವ ಊರಿಂದ ಮದುವೆಯಾಗಿ ಬಂದಳು? ಒಂದು ಹೆಸರು, ಒಂದು ಇಸವಿ, ಒಂದು ಜಾಗ ಇಲ್ಲದೆ ಎರಡು ಸಾವಿರ ಪದ ಬರೆಯುವ ಕಲೆ ನಮಗೆ ಹೇಗೆ ಸಿದ್ಧಿಸಿತೋ!

ಕುಂ. ವೀರಭದ್ರಪ್ಪನವರು ಕೊಟ್ಟೂರಿನವರೇ. ಅವರ 'ಅರಮನೆ'ಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನ್ರೋ ಸಾಹೇಬನ ಕಾಲವನ್ನು ಅವರು ಜನರ ಬಾಯಿಂದಲೇ ಎತ್ತಿಕೊಂಡರು. ಆದರೆ ಅದು ಕಾದಂಬರಿ, ಕಾದಂಬರಿ ಅಂತಲೇ ಬರೆದರು. ನಾವು ಇತಿಹಾಸ ಅಂತ ಹೆಸರಿಟ್ಟು ಕಾದಂಬರಿ ಬರೆಯುತ್ತೇವೆ, ಅದೂ ಅಷ್ಟು ಚೆನ್ನಾಗಿ ಅಲ್ಲ.

ಕಲ್ಲುಗಳ ಕಥೆ ಬೇರೆ. ಜೀರ್ಣೋದ್ಧಾರ ಅನ್ನುವ ಪದ ಕೇಳಿದರೆ ನನಗೆ ಎದೆ ಧಸಕ್ ಅನ್ನುತ್ತದೆ. ನನಗೆ ಗೊತ್ತಿರುವ ಒಂದೂರಲ್ಲಿ (ಹೆಸರು ಬೇಡ) ಗುಡಿಯ ಶಾಸನಕ್ಕೆ ಆಯಿಲ್ ಪೇಂಟ್ ಬಳಿದು ಅದರ ಮೇಲೆ ದಾನಿಗಳ ಹೆಸರು ಬರೆಸಿದ್ದಾರೆ. ಒಂದು ಲೆಕ್ಕಕ್ಕೆ ಸರಿಯೇ ಅನ್ನಿ, ಕೆಳಗಿರುವುದೂ ದಾನಿಯ ಹೆಸರೇ, ಒಂಬೈನೂರು ವರ್ಷ ಹಿಂದಿನ ದಾನಿ. ವೀರಗಲ್ಲುಗಳು ಬಟ್ಟೆ ಒಗೆಯುವ ಬಂಡೆಯಾಗಿವೆ, ಲಿಂಗಮುದ್ರೆಯ ಕಲ್ಲುಗಳು ಕಾಂಪೌಂಡಿನ ಬುನಾದಿಗೆ ಹೋಗಿವೆ. ಕಮಿಟಿಯವರನ್ನು ಕೇಳಿದರೆ "ಓದಾಕ ಬರಲ್ಲ, ಇಟ್ಕೊಂಡು ಏನ್ ಮಾಡಾದು?" ಅನ್ನುತ್ತಾರೆ. ಅವರ ಪ್ರಶ್ನೆ ನ್ಯಾಯವಾದದ್ದು. ಓದಲು ಬರುವವರು ಯಾರೂ ಅವರ ಊರಿಗೆ ಹೋಗಿ ಅದರಲ್ಲಿ ಏನಿದೆ ಅಂತ ಈಗಿನ ಕನ್ನಡದಲ್ಲಿ ಓದಿ ಹೇಳಲಿಲ್ಲ. ಅಚ್ಚಾದ ಶಾಸನವನ್ನು ದಪ್ಪಕ್ಷರದಲ್ಲಿ ಬರೆದು, ಅರ್ಥ ಸಮೇತ ಗುಡಿ ಮುಂದೆ ಒಂದು ಬೋರ್ಡು ಹಾಕಿಸಲು ಹೆಚ್ಚು ಖರ್ಚೇನಿಲ್ಲ. ಆ ಬೋರ್ಡಿನ ಮುಂದೆ ಪೇಂಟ್ ಡಬ್ಬಿ ಹಿಡಿದು ನಿಲ್ಲುವುದು ಯಾರಿಗೂ ಸ್ವಲ್ಪ ಕಷ್ಟವೇ.

ಒಂದು ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು. "ಹಳೆಯದನ್ನೆಲ್ಲ ಕೆದಕಿದರೆ ಜಾತಿ ಜಗಳ ಏಳುತ್ತವೆ, ಸುಮ್ಮನಿರು" ಅಂತ ಊರಿನ ಹಿರಿಯರೊಬ್ಬರು, ನನ್ನ ದೊಡ್ಡಪ್ಪನ ವಾರಗೆಯವರು, ಹೇಳಿದ್ದರು. ಅವರು ಹೇಳಿದ್ದರಲ್ಲಿ ಅರ್ಥವಿದೆ. ಗುಡಿ ಯಾರು ಕಟ್ಟಿಸಿದ್ದು, ಮಾನ್ಯ ಯಾರಿಂದ ಯಾರಿಗೆ ಹೋಯಿತು, ಬಾವಿಗೆ ಯಾರನ್ನು ಬಿಡಲಿಲ್ಲ ಅನ್ನುವುದು ಸಿಹಿ ಮಾತಲ್ಲ. ಆದರೆ ಬರೆಯದೆ ಬಿಟ್ಟರೆ ಜಗಳ ನಿಂತಿದೆಯಾ? ಈಗ ನಡೆಯುತ್ತಿರುವ ಜಗಳಗಳೆಲ್ಲ ಬರೆದಿಟ್ಟ ಇತಿಹಾಸದಿಂದ ಬಂದವಲ್ಲ, ಬರೆದಿಡದ ಜಾಗದಲ್ಲಿ ಯಾರೋ ತಮಗೆ ಬೇಕಾದ್ದನ್ನು ತುಂಬಿದ್ದರಿಂದ ಬಂದವು. ಒಬ್ಬರ ಮಾತನ್ನೇ ಊರಿನ ಇತಿಹಾಸ ಮಾಡುವ ಬದಲು ನಾಲ್ಕು ಕೇರಿಯ ನಾಲ್ಕು ಮಾತನ್ನೂ ಹೆಸರು ಸಮೇತ ಇಡಿ. ಹೆಸರು ಬೇಡ ಅಂದವರ ಹೆಸರು ಬಿಡಿ, ಕೇರಿ ಮತ್ತು ವಯಸ್ಸು ಬರೆಯಿರಿ. ಹೊಂದದಿದ್ದರೆ ಹೊಂದಿಸಲು ಹೋಗಬೇಡಿ.

ನಮ್ಮ ಕಡೆಯವರು ಈ ದೀಪಾವಳಿಗೋ, ಕೊಟ್ಟೂರು ತೇರಿಗೋ, ಮೈಲಾರದ ಕಾರಣಿಕಕ್ಕೋ ಊರಿಗೆ ಹೋಗುತ್ತೀರಲ್ಲ. 1961ರ ಕಾಯ್ದೆ ಬಂದು ಶಾನುಭೋಗಿಕೆ ಹೋದ ಮೇಲೆ ಎಷ್ಟೋ ಮನೆಯ ಅಟ್ಟದ ಮೇಲೆ ದಪ್ತರ ಹಾಗೇ ಉಳಿದಿದೆ. ಕಪ್ಪು ಬಟ್ಟೆಯ, ಮಡಚುವ, ಬಳಪದಲ್ಲಿ ಬರೆದ ಕಡತ ಇದ್ದರೆ ಒದ್ದೆ ಬಟ್ಟೆಯಲ್ಲಿ ಮಾತ್ರ ಒರೆಸಬೇಡಿ, ಅಕ್ಷರ ಹೋಗಿಬಿಡುತ್ತದೆ. ಬಿಸಿಲಿಗೆ ಓರೆಯಾಗಿ ಹಿಡಿದು ಒಂದೊಂದು ಮಡಿಕೆಯ ಫೋಟೋ ತೆಗೆಯಿರಿ. ಮೋಡಿ ಅಕ್ಷರ ಓದುವವರನ್ನು ಆಮೇಲೆ ಹುಡುಕೋಣ. ಅಟ್ಟ ಹತ್ತುವ ಮೊದಲು ಪಡಸಾಲೆಯಲ್ಲಿ ಕೂತ ಅಜ್ಜಿಯ ಹತ್ತಿರ ಒಂದು ಗಂಟೆ ಕೂರಿ, ರೆಕಾರ್ಡರ್ ಆನ್ ಮಾಡಿ, ಮೊದಲು ಆಕೆಯ ತವರೂರಿನ ಹೆಸರು ಕೇಳಿ.